ಕ್ಯಾಂಡಿಯ ಬಾಗಿಲಲ್ಲಿ ಎಲೆ ಅಡಿಕೆ

ಬಸವಾಪಟ್ಟಣದಿಂದ ದಾವಣಗೆರೆಗೆ ಮೋಟಾರು, ಅಲ್ಲಿಂದ ರೈಲು. ನಾನೂ ದೊಡ್ಡಪ್ಪನೂ ಸಿಂಹಳಕ್ಕೆ ಹೊರಟಾಗ ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನಗೆ ದ್ವೀಪ ನೋಡುವ ಹುಚ್ಚು, ದೊಡ್ಡಪ್ಪನಿಗೆ ತಮ್ಮನನ್ನು ನೋಡುವ ಆಸೆ. ಚಿಕ್ಕಪ್ಪ ಕ್ಯಾಂಡಿಯಲ್ಲಿ ಜವಳಿ ಅಂಗಡಿ ಇಟ್ಟು, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿದ್ದರು. ಆ ಸಿಟ್ಟಿಗೆ "ನಮ್ಮ ಹೊಸಿಲು ತುಳೀಬ್ಯಾಡ" ಎಂದು ಅವರನ್ನು ದೂರ ಮಾಡಿದ್ದವರು ಇದೇ ದೊಡ್ಡಪ್ಪ. ಬರುತ್ತೇವೆಂದು ನಾನು ಬರೆದ ಕಾಗದಕ್ಕೆ ಉತ್ತರ ಬಂದಿರಲಿಲ್ಲ.

"ಒಳಗೆ ಕರೀತಾನೆ ಅಂತೀಯಾ?" ದಾರಿಯುದ್ದಕ್ಕೂ ದೊಡ್ಡಪ್ಪನದು ಇದೊಂದೇ ಪ್ರಶ್ನೆ.

"ಕರೀದೆ ಏನ್ ಮಾಡ್ತಾರೆ, ಸುಮ್ನೆ ಕುಂದರ್ರಿ" ಎನ್ನುತ್ತಿದ್ದೆ. ಒಳಗೊಳಗೇ ನನಗೂ ಪುಕುಪುಕು.

ಸಿಂಹಳಕ್ಕೆ ಹೋಗುವವರನ್ನು ತಪಾಸಣೆ ಮಾಡುವ ಮಂಟಪಂ ಊರಿನಲ್ಲಿ ಡಾಕ್ಟರು ನಾಲಿಗೆ, ಕಣ್ಣು ನೋಡಿ ಬಿಟ್ಟರು. ಧನುಷ್ಕೋಟಿಯಲ್ಲಿ ಮರಳು ಮುಗಿದು ಹಡಗು ಸಿಕ್ಕಿತು. ನೀರು ಮೊದಲು ಹಸಿರು, ಆಮೇಲೆ ನೀಲಿ, ಕೊನೆಗೆ ಆಕಾಶವೆಲ್ಲಿ ನೀರೆಲ್ಲಿ ಎಂಬುದೇ ತಿಳಿಯಲಿಲ್ಲ. "ನಮ್ಮ ಸೂಳೆಕೆರೆಗಿಂತ ತುಸು ದೊಡ್ಡದೈತೆ ಬಿಡು" ಎಂದರು ದೊಡ್ಡಪ್ಪ. ನಕ್ಕಿದ್ದು ಅದೊಂದೇ ಸಲ.

ಆಚೆ ದಡದ ತಲೈಮನ್ನಾರಿನಿಂದ ರೈಲು ಕಾಡಿನೊಳಗೆ ನುಗ್ಗಿತು. ಒಂದು ನಿಲ್ದಾಣದಲ್ಲಿ ಕೇಸರಿ ಬಣ್ಣದ ಎಳನೀರು ಕುಡಿದೆವು. ಹೊಳೆಯಲ್ಲಿ ಆನೆಗಳು ಮಗ್ಗುಲಾಗಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದವು. ಗುಡ್ಡ ಹತ್ತುತ್ತಾ ಮಂಜು ಕಿಟಕಿಯೊಳಗೇ ಬಂತು. ನಾನು ತೂಕಡಿಸುತ್ತಾ ಏಳುತ್ತಾ ಇದ್ದೆ. ಕಂಡಿದ್ದರಲ್ಲಿ ಕನಸೆಷ್ಟೋ ನಿಜವೆಷ್ಟೋ.

ಕ್ಯಾಂಡಿಯ ಕೆರೆಯ ಮೇಲಿನ ಏರಿನಲ್ಲಿ ಚಿಕ್ಕಪ್ಪನ ಹೆಂಚಿನ ಮನೆ. ಅವರು ಅಂಗಡಿಗೆ ಹೋಗಿದ್ದರು. ಬಾಗಿಲಿಗೆ ಬಂದ ಅವರ ಹೆಂಡತಿಗೆ ಕನ್ನಡ ಬಾರದು, ದೊಡ್ಡಪ್ಪನ ಮುಖವನ್ನೇ ನೋಡಿದಳು. ಅಣ್ಣತಮ್ಮಂದಿರದು ಒಂದೇ ಮೂಗು, ಗುರುತು ಹತ್ತಿತೆಂದು ಕಾಣುತ್ತದೆ. ಸರಕ್ಕನೆ ಒಳಗೆ ಹೋಗಿ ವೀಳ್ಯದೆಲೆಯ ಕಟ್ಟು ತಂದು, ಎರಡೂ ಕೈಯಿಂದ ಕೊಟ್ಟು ಕಾಲಿಗೆ ಬಿದ್ದಳು.

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಎಲೆ ಅಡಿಕೆ ಕೊಡುವುದು ಊಟ, ಮಾತು ಎಲ್ಲ ಮುಗಿದು ನೆಂಟರು ಎದ್ದು ನಿಂತಾಗ. ಕೊಟ್ಟರೆಂದರೆ ಇನ್ನು ಹೊರಡಿ ಅಂತಲೇ ಲೆಕ್ಕ.

"ಮರ್ಯಾದೆಯಿಂದಾನೇ ಕಳಿಸ್ತಾ ಐದಾಳೆ. ನಡಿಯಪ್ಪ" ಎಂದು ಇಳಿದೇಬಿಟ್ಟರು. ನಾನೂ ಹಾಗೇ ತಿಳಿದು ಹಿಂದೆ ಹೋದೆ.

ಕೆಳಗೆ ಕೆರೆಯ ದಡದ ದಂತಮಂದಿರದೊಳಕ್ಕೆ ನಾನೊಬ್ಬನೇ ಹೋದೆ. ಅಲ್ಲಿ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುತ್ತಾರೆ. ಬಿಳಿ ದೇವಕಣಗಿಲೆ ರಾಶಿ, ಎಣ್ಣೆದೀಪ, ಎದೆಯೊಳಗೇ ಬಡಿದಂತೆ ಡೋಲು. ನಾನು ಮೈಮರೆತೆ. ಹೊರಗೆ ಕೆರೆಯ ಕಟ್ಟೆಯ ಮೇಲೆ ದೊಡ್ಡಪ್ಪ ಎಲೆ ಕಟ್ಟು ಹಿಡಿದು ಕೂತಿದ್ದರು. ಇವರ ಸಂಕಟದ ಮಧ್ಯೆ ನನಗೆ ಇಷ್ಟು ಸಂತೋಷವಾಯಿತಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಚಿಕ್ಕಪ್ಪ ಬರಿಗಾಲಲ್ಲಿ ಓಡಿ ಬಂದರು, ಹಿಂದೆ ಅಳುತ್ತಾ ಹೆಂಡತಿ.

"ಬಾಗ್ಲಿಗೆ ಬಂದು ಯಾಕಣ್ಣ ತಿರುಗಿ ಹೋದೆ? ಇವಳು ಏನು ತಪ್ಪು ಮಾಡಿದ್ಲು?"

"ಎಲೆ ಅಡಿಕೆ ಕೊಟ್ಲಲ್ಲೋ. ಇನ್ನು ಹೆಂಗೆ ನಿಂತ್ಕಳ್ಳಿ?"

ಚಿಕ್ಕಪ್ಪ ನಗಲು ಹೋಗಿ ಅತ್ತುಬಿಟ್ಟರು. "ಅಯ್ಯೋ ಅಣ್ಣಾ, ಇಲ್ಲಿ ಹಿರೇರು ಬಂದ್ರೆ ಬಾಗ್ಲಾಗೇ ಎಲೆ ಕೊಟ್ಟು ಕರಕೊಳ್ಳಾದು. ಒಳಗೆ ಬರ್ರಿ ಅಂದ್ಲು ಅವಳು!"

ಸಿಂಹಳ ಮುಟ್ಟಿದಾಗಿನಿಂದ ಕಟ್ಟಿಕೊಂಡು ಬಂದ ರೊಟ್ಟಿ, ಬಾಳೆಹಣ್ಣು, ಎಳನೀರು ಬಿಟ್ಟು ಏನೂ ಮುಟ್ಟದ ದೊಡ್ಡಪ್ಪ ಆ ಸಂಜೆ ಅವಳ ಅಡುಗೆಮನೆಯಲ್ಲೇ ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂತರು. ಅನ್ನ, ತೆಂಗಿನ ಹಾಲಲ್ಲಿ ಬೆಂದ ಹಲಸಿನಕಾಯಿ. "ಇನ್ನೊಂದಿಷ್ಟು ಹಾಕವ್ವ" ಎಂದು ಬಾಳೆಲೆ ಮುಂದೆ ಸರಿಸಿದರು.

ಮರುದಿನ ನಾಲ್ವರೂ ಹತ್ತಿರದ ಪೇರಾದೆನಿಯದ ದೊಡ್ಡ ಸಸ್ಯತೋಟಕ್ಕೆ ಹೋದೆವು. ಮನೆಗಿಂತ ಎತ್ತರದ ಬಿದಿರು, ಹಗಲಲ್ಲೇ ಮರದ ತುಂಬ ಜೋತುಬಿದ್ದ ಬಾವಲಿಗಳು. ನೆರಳಲ್ಲಿ ಕೂತಾಗ ದೊಡ್ಡಪ್ಪ ಬಾಯಿಬಿಟ್ಟರು: "ಊರಿಗೆ ಬಂದುಬಿಡು. ಇಬ್ಬರೂ ಬರ್ರಿ."

"ಬರಾಕೆ ಆಗಲ್ಲಣ್ಣ. ನನ್ನ ಮನಿ ಇಲ್ಲೇ ಐತೆ."

ದೊಡ್ಡಪ್ಪ ಒತ್ತಾಯ ಮಾಡಲಿಲ್ಲ.

ಹಿಂದಿರುಗುವ ಹಡಗಿನಲ್ಲಿ ಸಿಂಹಳದ ದಡ ತೆಳ್ಳಗಾಗುತ್ತಾ ಹೊಗೆಯಂತಾಯಿತು. ತಮ್ಮ ಬರಲಿಲ್ಲವೆಂದು ಬೇಜಾರಾಯಿತೇ ಎಂದು ಕೇಳಿದೆ.

"ಆಗದೆ ಇರ್ತೈತಾ? ಆದ್ರೆ ಇಷ್ಟು ವರ್ಷ ಯಾರು ಕೇಳಿದ್ರೂ ತಮ್ಮ ಸತ್ತ ಅಂತಿದ್ದೆ ಕಣೋ" ಎಂದರು, ದಡದಿಂದ ಕಣ್ಣು ಕೀಳದೆ. "ಇನ್ನು ಬಾಯಿ ತುಂಬ ಐದಾನೆ ಅಂತೀನಿ."