ಅಕ್ಕನನ್ನು ಪರದೆಯ ಹಿಂದೆ ಇಟ್ಟದ್ದು

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆಗೆ ನಮ್ಮ ಲೇಔಟ್ ಇದೆ. ನಮ್ಮ ಎಂದು ಬಾಯಲ್ಲಿ ಬರುತ್ತದೆಯೇ ಹೊರತು ಅಲ್ಲಿ ನನಗೆ ಸೈಟೂ ಇಲ್ಲ, ಮನೆಯೂ ಇಲ್ಲ. ಗೇಟಿನ ಪಕ್ಕದ ಅಂಗಡಿ ಸಾಲಿನಲ್ಲಿ ಮೂರನೆಯದು ನನ್ನ ಹೋಟೆಲು. ಒಂದು ಬದಿಗೆ ಇಸ್ತ್ರಿ ಅಂಗಡಿ, ಇನ್ನೊಂದು ಬದಿಗೆ ವಾರದಲ್ಲಿ ಮೂರು ದಿನ ಡಾಕ್ಟರು ಬರುವ ಕ್ಲಿನಿಕ್ಕು. ಒಳಗೆ ನೇರ ರಸ್ತೆಗಳು, ಒಂದೇ ಎತ್ತರದ ಕಂಪೌಂಡುಗಳು, ಒಂದು ಪಾರ್ಕು, ಅದರ ಸುತ್ತ ಬೆಳಿಗ್ಗೆ ನಡೆಯುವವರಿಗೆಂದು ಹಾಸಿದ ಕಲ್ಲಿನ ದಾರಿ. ಗಲ್ಫಿನಿಂದ ಬಂದು ನೆಲೆಸಿದವರು, ಕಾಲೇಜಿನ ಲೆಕ್ಚರರುಗಳು, ಮಕ್ಕಳ ಓದಿಗಾಗಿ ಬೇರೆ ಜಿಲ್ಲೆಗಳಿಂದ ಬಂದು ಬಾಡಿಗೆಗಿರುವ ತಾಯಂದಿರು ಅಲ್ಲಿದ್ದಾರೆ. ಬಸದಿಗೆ ಯಾವ ಕಡೆ ಹೋಗಬೇಕು, ಪಂಪು ರಿಪೇರಿಗೆ ಯಾರನ್ನು ಕರೆಯಬೇಕು ಎಂದು ಹೊಸಬರು ಬಂದು ಕೇಳುವುದು ನನ್ನನ್ನೇ. ಹಾಗೆ ಬಂದವರಿಗೆ ಮೊದಲೇ ಯಾರಾದರೂ ಹೇಳಿರುತ್ತಿದ್ದರು, ಅಲ್ಲಿಯ ನೀರುದೋಸೆ ತಿನ್ನದೆ ಬರಬೇಡಿ ಎಂದು.

ಆ ದೋಸೆ ನನ್ನದಲ್ಲ, ನನ್ನ ಅಕ್ಕನದು. ಇಷ್ಟು ಮಾತನ್ನು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾವು ಬೆಳೆದದ್ದು ಬಂಟ್ವಾಳದ ಪೇಟೆಯ ಹಿಂದಿನ ಬಾಡಿಗೆ ಮನೆಯಲ್ಲಿ. ಹದಿನೆಂಟು ತುಂಬುವ ಹೊತ್ತಿಗೆ ಅವಳ ಬೆರಳ ತುದಿಗಳಲ್ಲಿ ಬಿಳಿ ಕಲೆ ಕಾಣಿಸಿಕೊಂಡಿತು. ಆಮೇಲೆ ಮೊಣಕೈಗೆ ಬಂತು, ತುಟಿಯ ಅಂಚಿಗೆ ಬಂತು. ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅಮ್ಮ ಅದನ್ನು ನಾಗದೋಷ ಎಂದು ನಂಬಿದ್ದಳು. ಎರಡು ಸಲ ಆಶ್ಲೇಷಾ ಬಲಿ ಮಾಡಿಸಿದಳು. ಕಲೆ ಇದ್ದಲ್ಲೇ ಇತ್ತು. ಮೂರು ಕಡೆಯವರು ಹುಡುಗಿ ನೋಡಲು ಬಂದು ಹೋದರು, ನಾಲ್ಕನೆಯವರು ಬರಲಿಲ್ಲ. ಅಕ್ಕ ಬೀಡಿ ಕಟ್ಟಿದಳು, ನನ್ನನ್ನು ಏಳನೆಯ ಕ್ಲಾಸಿನವರೆಗೆ ಓದಿಸಿದಳು. ನಾನು ಅಲ್ಲಿಗೇ ಬಿಟ್ಟು ಹೋಟೆಲು ಕೆಲಸಕ್ಕೆ ಸೇರಿದಾಗ ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಲೇಔಟಿನಲ್ಲಿ ಅಂಗಡಿ ಸಿಕ್ಕಿದಾಗ ಅವಳೇ ಬಂದು ಒಲೆ ಹಿಡಿದಳು. ಊಟದ ಜಾಗಕ್ಕೂ ಅಡುಗೆಯ ಜಾಗಕ್ಕೂ ಮಧ್ಯೆ ಬಾಗಿಲಿರಲಿಲ್ಲ. ಹೊಗೆ ಹೊರಗೆ ಬರುತ್ತದೆ, ಒಂದು ಪರದೆ ಹಾಕುವ ಎಂದೆ. ಹೊಗೆ ಬರುತ್ತಿರಲಿಲ್ಲ, ಗ್ಯಾಸಿನ ಒಲೆ ಅದು. ಅಕ್ಕ ನನ್ನ ಮುಖ ನೋಡಿದಳು. ಮರುದಿನ ಹಳೆಯ ಸೀರೆಯೊಂದನ್ನು ಎರಡು ಮಡಿಸಿ ತಾನೇ ಹೊಲಿದು ತಂದಳು.

ಆ ಪರದೆಯ ಹಿಂದೆ ಅವಳು ನಾಲ್ಕು ವರ್ಷ ದೋಸೆ ಹೊಯ್ದಳು. ನೀರುದೋಸೆಯ ಹಿಟ್ಟಿಗೆ ನೀರು ಎಷ್ಟು ಎಂಬುದು ಅಳತೆಯಲ್ಲಿ ಸಿಗುವುದಿಲ್ಲ, ಅಕ್ಕಿ ಹಳೆಯದೋ ಹೊಸದೋ ಎಂಬುದರ ಮೇಲೆ ಹೋಗುತ್ತದೆ. ಅಕ್ಕ ತೋರುಬೆರಳನ್ನು ಹಿಟ್ಟಿನಲ್ಲಿ ಅದ್ದಿ ಎತ್ತಿ, ಹನಿ ಉಗುರಿನಿಂದ ಜಾರುವುದನ್ನು ನೋಡುತ್ತಿದ್ದಳು. ಹನಿ ತಡೆದು ಬಿದ್ದರೆ ಇನ್ನೊಂದು ಲೋಟ ನೀರು. ಹಾಗೆ ಹೊಯ್ದ ದೋಸೆ ಕಾವಲಿಯಿಂದ ಬಟ್ಟೆಯ ಹಾಗೆ ಏಳುತ್ತಿತ್ತು. ಭಾನುವಾರ ಜನ ಹೊರಗೆ ನಿಂತು ಕಾಯುತ್ತಿದ್ದರು. ನಿನ್ನ ಕೈಯಲ್ಲಿ ಎಂತದೋ ಉಂಟು ಮಾರಾಯ ಎಂದು ನನ್ನ ಬೆನ್ನು ತಟ್ಟುತ್ತಿದ್ದರು. ನಾನು ನಗುತ್ತಿದ್ದೆ.

ಒಂದು ಬೆಳಿಗ್ಗೆ ಬಾಡಿಗೆ ಮನೆಯ ಹೆಂಗಸೊಬ್ಬರು ಪಾರ್ಸೆಲ್ ತಡವಾಯಿತೆಂದು ಪರದೆ ಸರಿಸಿ ಇಣುಕಿದರು. ಅಕ್ಕ ಆಗ ಬೆರಳು ಅದ್ದಿ ಎತ್ತಿದ್ದಳು. ಆ ಹೆಂಗಸು ಪಾರ್ಸೆಲನ್ನು ತೆಗೆದುಕೊಳ್ಳದೆ ಹೋದರು.

ಮಧ್ಯಾಹ್ನ ಇಸ್ತ್ರಿ ಅಂಗಡಿಯವನು ಮೊಬೈಲು ಹಿಡಿದುಕೊಂಡು ಬಂದ. ಲೇಔಟಿನವರ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬಂದಿತ್ತು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ಎಂತ ಬರ್ದದ್ದು?"

"ನಿನ್ನ ಕಿಚನ್ನಿನಲ್ಲಿ ಚರ್ಮದ ಕಾಯಿಲೆಯವರು ಹಿಟ್ಟಿಗೆ ಕೈ ಹಾಕ್ತಾರಂತೆ. ಕೆಳಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದಾರೆ."

"ಹೆಬ್ಬೆರಳು ಅಂದ್ರೆ ಒಳ್ಳೇದಲ್ವಾ?"

"ಬರೆದವರಿಗೆ ಒಳ್ಳೇದು. ನಿನಗಲ್ಲ ಮಾರಾಯ."

ಆ ದಿನ ಡಾಕ್ಟರು ಬರುವ ದಿನವಾಗಿತ್ತು. ಅವರು ಬಂದ ದಿನವೆಲ್ಲ ನಮ್ಮಲ್ಲೇ ತಿನ್ನುವವರು, ಅಕ್ಕನನ್ನು ಹಿಂದಿನ ಬಾಗಿಲಲ್ಲಿ ಕಂಡು ಮಾತಾಡಿಸಿ ಬಲ್ಲವರು. ನಾನು ಹೇಳಿದ್ದನ್ನು ಕೇಳಿ ಪೆನ್ನು ತೆಗೆದರು.

"ಅದು ಅಂಟುವುದೇ ಇಲ್ಲ. ಚರ್ಮದ ಬಣ್ಣ ಹೋಗಿದೆ, ಅಷ್ಟೇ. ಲೆಟರ್ ಬರೆದು ಕೊಡ್ತೇನೆ, ಸೀಲು ಹಾಕಿ. ಗೋಡೆಗೆ ಅಂಟಿಸು. ಕೇಳಿದವರನ್ನು ನನ್ನ ಹತ್ರ ಕಳಿಸು."

"ಬೇಡ ಡಾಕ್ಟ್ರೇ."

"ಯಾಕೆ?"

ಗೋಡೆಗೆ ಅಂಟಿಸಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ ಎಂದು ನನಗೆ ಅನಿಸಿತ್ತು. ಅದನ್ನು ಹೇಳಲಾಗದೆ, "ನಾನು ನೋಡಿಕೊಳ್ತೇನೆ" ಎಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಮರುದಿನ ಹತ್ತು ಗಂಟೆಗೆ ಲೇಔಟ್ ಕಮಿಟಿಯ ಸೆಕ್ರೆಟರಿ ಇಬ್ಬರನ್ನು ಕಟ್ಟಿಕೊಂಡು ಬಂದರು. ಬಹರೈನಿನಲ್ಲಿ ಮೂವತ್ತು ವರ್ಷ ಇದ್ದು ಬಂದವರು, ಕೆಟ್ಟ ಮನುಷ್ಯರಲ್ಲ. ಬಾಗಿಲಿನ ಹತ್ತಿರದ ಟೇಬಲ್ಲಿನಲ್ಲಿ ಕುಳಿತರು. ಪರದೆಯ ಆಚೆ ಅಕ್ಕ ದೋಸೆ ಹೊಯ್ದು ಮುಗಿಸಿ ಪಾತ್ರೆ ಸರಿಸುವ ಶಬ್ದ ಕೇಳುತ್ತಿತ್ತು.

"ಒಳಗೆ ಯಾರು ಇರುವುದು?"

"ಪಾತ್ರೆ ತೊಳೀಲಿಕ್ಕೆ ಬರುವವರು. ಕೊಕ್ಕಡದ ಕಡೆಯವರು."

"ನಿಮ್ಮ ಪೈಕಿಯವರಾ?"

"ಅಲ್ಲ, ಅಲ್ಲ."

"ಹಾಗಾದ್ರೆ ಆ ಹೆಂಗಸು ಹಿಟ್ಟು ಮುಟ್ಟುವುದಿಲ್ಲ?"

"ಅಡುಗೆ ಎಲ್ಲ ನಾನೇ. ಅವರನ್ನು ಮುಟ್ಲಿಕ್ಕೆ ಬಿಡ್ತೇನಾ ನಾನು?"

ಯಾರೂ ಕೇಳದಿದ್ದ ಆ ಕೊನೆಯ ಮಾತನ್ನು ನಾನೇ ಸೇರಿಸಿದೆ. ಒಳಗಿನ ಶಬ್ದ ನಿಂತಿತು. ಕೊಕ್ಕಡದಲ್ಲಿ ನಮಗೆ ಯಾರೂ ಇಲ್ಲ. ಆ ಹೊತ್ತಿಗೆ ಬಾಯಿಗೆ ಬಂದ ಊರು ಅದು.

ಸೆಕ್ರೆಟರಿ ನಕ್ಕರು. "ನಿನ್ನ ದೋಸೆ ಇಲ್ಲದಿದ್ರೆ ಭಾನುವಾರ ನಮ್ಮಲ್ಲಿ ಜಗಳವೇ. ಮೂರು ಪ್ಲೇಟು ತಾ, ನಾವೇ ತಿಂದು ತೋರಿಸುವ." ನಾನು ಪರದೆಯ ಸಂದಿಯಿಂದ ಒಳಗೆ ನುಸುಳಿದೆ. ಅಕ್ಕ ಹೊಯ್ದು ಇಟ್ಟಿದ್ದ ದೋಸೆಗಳನ್ನು ನಾಲ್ಕು ಮಡಿಸಿ, ಒಂದೊಂದೇ ಪ್ಲೇಟನ್ನು ನನ್ನ ಕೈಗೆ ಕೊಟ್ಟಳು. ಅವರು ತಿಂದು, ಗ್ರೂಪಿಗೆ ಫೋಟೋ ಹಾಕಿ ಹೋದರು. ಸಂಜೆಯೊಳಗೆ ಅದಕ್ಕೆ ಇನ್ನೂ ಹೆಚ್ಚು ಹೆಬ್ಬೆರಳು ಬಂದಿದ್ದವು ಎಂದು ಇಸ್ತ್ರಿಯವನು ಹೇಳಿದ.

ಮರುದಿನ ಬೆಳಿಗ್ಗೆ ನಾನು ಬಂದಾಗ ಅಕ್ಕ ಹಿಂದಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಪಾತ್ರೆ ತಿಕ್ಕುತ್ತಿದ್ದಳು. ನೆನೆಸಿಟ್ಟ ಅಕ್ಕಿ ಹಾಗೇ ಇತ್ತು.

"ಹಿಟ್ಟು ರುಬ್ಬಿ ಆಗಲಿಲ್ವಾ?"

"ಅದು ನಿನ್ನ ಕೆಲಸ ಅಲ್ವಾ" ಎಂದಳು ತುಳುವಿನಲ್ಲಿ. ಸ್ವರದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಎರಡು ಮಾತು ಆಡಿ ಕಾಲು ಹಿಡಿಯುತ್ತಿದ್ದೆನೋ ಏನೋ. ನಾನು ಹೇಳಿದ್ದು, "ನಾಲ್ಕು ದಿನ ಹೋಗಲಿ ಅಕ್ಕ, ಜನ ಮರೀತಾರೆ" ಎಂದು ಮಾತ್ರ.

ನಾನು ರುಬ್ಬಿದೆ. ದೋಸೆ ಕಾವಲಿಗೆ ಹಿಡಿಯಿತು, ಹರಿಯಿತು, ಮರುದಿನ ಅಂಟಿನ ಹಾಗಾಯಿತು. ಅಕ್ಕ ಆ ಹರಿದ ತುಂಡುಗಳಿದ್ದ ತಟ್ಟೆಗಳನ್ನು ತೊಳೆದಳು. ನೀರು ಕಡಿಮೆ ಎಂದೂ ಹೇಳಲಿಲ್ಲ, ಹೆಚ್ಚು ಎಂದೂ ಹೇಳಲಿಲ್ಲ. ಹೊರಗಿನಿಂದ ಯಾರಾದರೂ ಒಳಗೆ ನೋಡಿದರೆ ಸೆರಗಿನಿಂದ ಕೈ ಮುಚ್ಚುತ್ತಿದ್ದಳು. ಮೊದಲು ಅವಳು ಹಾಗೆ ಮಾಡುತ್ತಿರಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಸೋಮವಾರ ಬಟ್ಟೆಯ ಚೀಲ ಹಿಡಿದುಕೊಂಡು ಬಂಟ್ವಾಳದ ಬಸ್ಸು ಹತ್ತಿದಳು. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಸೀಟು ಹಿಡಿದು ಕೊಟ್ಟೆ.

ಈಗ ಅವಳು ಅಲ್ಲಿ ಒಂದು ಕೋಣೆ ಮಾಡಿಕೊಂಡು ಏಳೆಂಟು ಮನೆಗಳಿಗೆ ದೋಸೆ, ಪುಂಡಿ ಎಂಬ ಅಕ್ಕಿ ಕಡುಬು ಮಾಡಿ ಕೊಡುತ್ತಾಳೆ. ಅವರೆಲ್ಲ ಅವಳ ಕೈ ನೋಡಿಯೇ ತೆಗೆದುಕೊಳ್ಳುವವರು. ಮೂರು ಸಲ ಹೋಗಿ ಬಂದೆ. ಹೋದಾಗಲೆಲ್ಲ ಕುರ್ಚಿ ಕೊಡುತ್ತಾಳೆ, ನನ್ನ ಮಂಡಿನೋವು ವಿಚಾರಿಸುತ್ತಾಳೆ. ಆಮೇಲೆ ಚಪ್ಪಲಿ ಮೆಟ್ಟಿ ರಸ್ತೆ ದಾಟಿ, ಎದುರಿನ ಹೋಟೆಲಿನಿಂದ ಕಾಗದದ ಲೋಟದಲ್ಲಿ ಚಾ ತಂದುಕೊಡುತ್ತಾಳೆ. ಅವಳ ಒಲೆ ಉರಿಯುತ್ತಲೇ ಇರುತ್ತದೆ. ಮೂರನೆಯ ಸಲ ನಾನು ತಡೆಯಲಾಗದೆ, "ಒಂದು ದೋಸೆ ಕೊಡು ಅಕ್ಕ" ಎಂದೆ.

"ಅದೆಲ್ಲ ಆರ್ಡರಿನದ್ದು."

"ಅವತ್ತು ನಾನು ಹಾಗೆ ಹೇಳಬಾರದಿತ್ತು. ತಪ್ಪಾಯಿತು."

ಅಕ್ಕ ಕಾವಲಿಗೆ ಎಣ್ಣೆ ಸವರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನ್ನ ಹತ್ರ ಹೇಳಿ ಎಂತ ಆಗ್ಲಿಕ್ಕೆ ಉಂಟು? ನಾನು ಯಾರು ಅಂತ ನನಗೆ ಗೊತ್ತುಂಟು. ಯಾರ ಹತ್ರ ಅಲ್ಲ ಅಂದೆಯೋ ಅವರ ಹತ್ರ ಹೇಳು. ಆಮೇಲೆ ಬಾ, ಕೂತು ತಿನ್ನು."

ಇದಾಗಿ ಎಂಟು ತಿಂಗಳು. ಡಾಕ್ಟರು ಈಗಲೂ ಬರುತ್ತಾರೆ, ಚಾ ಮಾತ್ರ ಕುಡಿಯುತ್ತಾರೆ. ಸೆಕ್ರೆಟರಿ ಭಾನುವಾರ ಅದೇ ಟೇಬಲ್ಲಿನಲ್ಲಿ ಕೂರುತ್ತಾರೆ. ನನಗೂ ಅವರಿಗೂ ನಡುವೆ ನಾಲ್ಕು ಹೆಜ್ಜೆಯೂ ಇಲ್ಲ. ಕಳೆದ ವಾರ ಅವರು ಅರ್ಧ ತಿಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಎಂತ ಮಾರಾಯ, ನಿನ್ನ ಕೈಗೆ ಎಂತಾಯ್ತು?" ಎಂದು ಕೇಳಿದರು. ಬೇರೆ ಯಾರೂ ಇರಲಿಲ್ಲ. ಹೇಳಬಹುದಿತ್ತು.

"ಅಕ್ಕಿ ಸರಿ ಇಲ್ಲ ಸರ್, ಈ ಸಲದ್ದು" ಎಂದೆ.