ಚೆರ್ನೋಬಿಲ್‌ನಲ್ಲಿ ದೇಜಪ್ಪ ಬಗ್ಗಿದ್ದು

ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ವಸಂತಕುಮಾರನಷ್ಟು ಸಂಶಯದ ಪ್ರಾಣಿ ಇನ್ನೊಂದಿರಲಿಲ್ಲ. ಲಾರಿ ತೂಕಕ್ಕೆ ನಿಂತರೆ, ಡ್ರೈವರಿನ ತೂಕವೂ ಸೇರೀತೆಂದು ಅವನು ಇಳಿದಿದ್ದಾನೋ ಇಲ್ಲವೋ ಎಂದು ಸ್ವತಃ ಹೋಗಿ ಇಣುಕುವವನು. ದೆಹಲಿಯ ಗುಜರಿಯಲ್ಲಿ ವಿಕಿರಣ ತಗುಲಿ ಒಬ್ಬ ಸತ್ತ ಸುದ್ದಿ ಓದಿದ ಮೇಲಂತೂ ಹಳೇ ಕಬ್ಬಿಣದ ವ್ಯಾಪಾರವನ್ನೇ ಬಿಟ್ಟಿದ್ದ.

ಇಂಥವನು 2013ರಲ್ಲಿ ಚೆರ್ನೋಬಿಲ್ ನೋಡಿದ್ದು ಗೆಳೆಯ ದೇಜಪ್ಪನ ದಾಕ್ಷಿಣ್ಯಕ್ಕೆ. ದೇಜಪ್ಪ ಪಕ್ಕದ ಅಂಗಡಿಯವನು, ಇವನ ಹಾಗೇ ಉಡುಪಿ ಕಡೆಯವನು. ಉಕ್ಕಿನ ಪ್ರದರ್ಶನಕ್ಕೆಂದು ಇಬ್ಬರೂ ಕೀವ್‌ಗೆ ಹೋಗಿದ್ದಾಗ ಒಂದು ದಿನ ಬಿಡುವು ಸಿಕ್ಕಿತು. “ದಿನಾ ಬಸ್ಸು ಹೋಗ್ತದೆ ಮಾರಾಯ, ಹೆದರುದೆಂತ?” ಎಂದು ದೇಜಪ್ಪ ಎಳೆದುಕೊಂಡು ಹೋದ.

ನೆಲದ ಮೇಲೆ ಕೂರಬೇಡಿ, ಏನನ್ನೂ ಎತ್ತಬೇಡಿ ಎಂದು ಗೈಡ್ ಹುಡುಗಿ ಎಚ್ಚರಿಸಿದಳು. ಪಾಚಿಯ ಬಳಿ ಹಿಡಿದಾಗ ಅವಳ ಕೈಯಲ್ಲಿದ್ದ ವಿಕಿರಣದ ಮೀಟರು ಟಿಕ್‌ಟಿಕ್ ಎಂದಿತು. ವಸಂತಕುಮಾರ ಹಿಂತಿರುಗಿ ನೋಡಿದರೆ, ದೇಜಪ್ಪ ಬಗ್ಗಿ ನೆಲದಿಂದ ಏನನ್ನೋ ಎತ್ತಿ ಜೇಬಿಗೆ ತುರುಕುತ್ತಿದ್ದ.

ಹೊರಡುವಾಗ ವಿಕಿರಣ ತಪಾಸಣೆಯ ಯಂತ್ರ ದೇಜಪ್ಪನಿಗೂ ಹಸಿರು ದೀಪವನ್ನೇ ತೋರಿಸಿತು. ವಸಂತಕುಮಾರನಿಗೆ ಸಮಾಧಾನವಾಗಲಿಲ್ಲ. ಠಾಣೆ ಊರಿನ ರೈಲ್ವೆ ಸ್ಟೇಶನ್ನಿನ ಬಾಗಿಲಲ್ಲೂ ಒಂದು ಯಂತ್ರವಿದೆ; ಎಲ್ಲರಿಗೂ ಕುಂಯ್‌ಗುಟ್ಟುತ್ತದೆ, ಯಾರನ್ನೂ ಹಿಡಿಯುವುದಿಲ್ಲ. ವಿಮಾನದಲ್ಲಿ ಸೀಟು ಬದಲಿಸಿ ಕೂತ. ಠಾಕುರ್ಲಿಯ ಮನೆಗೆ ಬಂದವನೇ ಬೂಟುಗಳನ್ನು ಕಸಕ್ಕೆ ಹಾಕಿದ. ದೇಜಪ್ಪನ ಅಂಗಡಿಯ ಚಹಾವೂ ನಿಂತಿತು.

“ಎಂತ ಎತ್ತಿದ್ದು ಅಂತ ಅವರನ್ನೇ ಕೇಳಿ ಅಲ್ವಾ?” ಎಂದಳು ಹೆಂಡತಿ ಜಯಲತಾ.

“ಕಳ್ಳನ ಹತ್ರ ಕೇಳಿದ್ರೆ ಹೇಳ್ತಾನಾ?”

ಕೊನೆಗೆ ಗುಜರಿ ಯಾರ್ಡಿನಿಂದ ವಿಕಿರಣ ಅಳೆಯುವ ಮೀಟರನ್ನು ಕೇಳಿ ತಂದು, ನೇರ ದೇಜಪ್ಪನ ಅಂಗಡಿಗೆ ಹೋದ. ಗಲ್ಲಾ, ಕಪಾಟು, ದೇವರ ಪಟದ ಹಿಂದೆ, ಎಲ್ಲ ಕಡೆ ಹಿಡಿದ. ಹೊರಗೆ ರಸ್ತೆಯಲ್ಲಿ ತೋರಿಸಿದ್ದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಮೀಟರು ಕೆಳಗಿಳಿದ ಮೇಲೆ ದೇಜಪ್ಪ ಹೇಳಿದ: “ನಾನು ಎತ್ತಿದ್ದು ಹಾರ್ಟಿನ ಗುಳಿಗೆ. ಗುಳಿಗೆಯ ಸ್ಟ್ರಿಪ್ಪು ಕೈ ಜಾರಿ ಬಿತ್ತು. ಗೈಡಿಗೆ ಹೇಳಿದ್ರೆ ಬಿಸಾಡು ಅಂತಿದ್ಳು. ಅದಿಲ್ದೆ ರಾತ್ರಿ ಕಳೆಯುದು ಹೇಗೆ?”

“ಹಾರ್ಟಿನದ್ದಾ? ನಂಗೆ ಯಾಕೆ ಹೇಳ್ಲಿಲ್ಲ?”

“ನೀನು ನಂಬ್ತಿದ್ಯಾ? ಎಲ್ಲದಕ್ಕೂ ಮೀಟರ್ ಹಿಡಿಯುವವ ನೀನು.”

ವಸಂತಕುಮಾರ ಮೀಟರನ್ನು ಆರಿಸಿ ಸ್ಟೂಲಿನ ಮೇಲೆ ಕೂತ. “ಡಾಕ್ಟರ್ ಹತ್ರ ಯಾವಾಗ ಹೋಗುದು?” ಎಂದು ಕೇಳಿದ.

ಮುಂದಿನ ವಾರ ಡೊಂಬಿವ್ಲಿಯ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ದೇಜಪ್ಪನನ್ನು ಎಕ್ಸ್‌ರೇಗೆ ಒಳಗೆ ಕರೆದಾಗ, ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಳ್ಳಿ ನೋಡಿ, ದೂರದ ಬೆಂಚಿನಲ್ಲಿ ಕಾಯುತ್ತ ಕೂತ.