ಗಂಟೆ ಹಿಡಿದ ಮುಷ್ಟಿ

ಕೀ ತಿರುಗಿಸಿದರೆ ಎಂಜಿನ್ ತಿರುಗುತ್ತಿತ್ತು, ಸ್ಟಾರ್ಟ್ ಮಾತ್ರ ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೆರಿಗೆ ನೋವು ಶುರುವಾಗಿದ್ದ ತಂಗಿ. ಹೊಸದುರ್ಗದಿಂದ ಚಿತ್ರದುರ್ಗದ ಆಸ್ಪತ್ರೆಗೆ ಹೊರಟಿದ್ದ ನಾವು, ಕುರಿಮಂದೆಯೊಂದಕ್ಕೆ ದಾರಿ ಬಿಡಲು ನಿಂತಾಗ ಕಾರು ಆಫ್ ಆಗಿತ್ತು.

ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ಕೀ ಆನ್ ಮಾಡ್ರಿ ಅಕ್ಕ, ಸ್ಟಾರ್ಟ್ ಮಾಡಬ್ಯಾಡ್ರಿ. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಎಳೆಯೋ ಮೋಟಾರು ಗುಂಯ್ ಅಂತೈತಾ ಕೇಳ್ರಿ" ಎಂದ. ಕಾರಿನ ಸುತ್ತ ಕುರಿಗಳು, ಅವುಗಳ ಗಂಟೆಯ ಸದ್ದು. ಏನೂ ಕೇಳಿಸಲಿಲ್ಲ.

ಫೋನಿನ ಆ ಮಾತು ಕಿವಿಗೆ ಬಿದ್ದದ್ದೇ ತಡ, ಕುರಿ ಕಾಯುವ ಹೆಂಗಸು ಓಡಿಹೋಗಿ ಮುಂದೆ ನಡೆಯುವ ಟಗರಿನ ಕೊರಳ ಗಂಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. "ಈಗ ಕೇಳ್ರವ್ವ. ಆಗತಾನೇ ಹುಟ್ಟಿದ ಮರಿ ಉಸಿರಾಡ್ತೈತೋ ಇಲ್ಲೋ ಅಂತ ಕೇಳಾಕೂ ನಾವು ಹಿಂಗೇ ಗಂಟೆ ಹಿಡ್ಕಂತೀವಿ." ಆ ಗಂಟೆಯ ಸದ್ದನ್ನೇ ಹಿಂಬಾಲಿಸುವ ಅಷ್ಟು ದೊಡ್ಡ ಮಂದೆ ಆ ಒಂದು ಮುಷ್ಟಿಗೆ ನಿಂತು ಸುಮ್ಮನಾದದ್ದು ಕಂಡು, ಕೀ ತಿರುಗಿಸುವುದನ್ನೇ ಒಂದು ಕ್ಷಣ ಮರೆತೆ.

ಮೋಟಾರಿನ ಸದ್ದು ಇರಲೇ ಇಲ್ಲ. ಆ ಮೋಟಾರು ಇರುವ ಪೆಟ್ರೋಲ್ ಟ್ಯಾಂಕಿನ ತಳಕ್ಕೆ ಮೆಲ್ಲಗೆ ತಟ್ಟಿಸಲು ಮೆಕ್ಯಾನಿಕ್ ಹೇಳಿದ. ಮಂದೆಯ ಹಿಂದಿದ್ದ ಆಕೆಯ ಗಂಡ ಬಂದು ಕಾರಿನಡಿ ಬಗ್ಗಿ ತನ್ನ ಕೋಲಿನಿಂದಲೇ ತಟ್ಟಿದ. ಸೀಟಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಬಂತು, ಎಂಜಿನ್ ಸ್ಟಾರ್ಟ್ ಆಯಿತು. ನಾವು ಹೊರಡುವವರೆಗೂ ಆಕೆ ಗಂಟೆ ಬಿಡಲಿಲ್ಲ.

ಅಂದು ಸಂಜೆ, ತಂಗಿಯ ಪಕ್ಕ ಮಲಗಿದ್ದ ಹಸುಗೂಸಿನ ಉಸಿರು ಕೇಳಲು ಬಗ್ಗಿದೆ. ನನಗೇ ಗೊತ್ತಿಲ್ಲದಂತೆ ನನ್ನ ಒಂದು ಕೈ ಇನ್ನೊಂದು ಕೈಯ ಬಳೆಗಳನ್ನು ಬಿಗಿಯಾಗಿ ಹಿಡಿದಿತ್ತು.